ಆಚಂದ್ರಾರ್ಕ ಟೋಲ್

ನೊಯ್ಡಾದಲ್ಲಿರುವ ನಮ್ಮ ಭಾವ 28 ರೂಪಾಯಿ ಉಳಿಸುವುದಕ್ಕಾಗಿ 40 ರೂಪಾಯಿಯ ಪೆಟ್ರೋಲು ಸುಡುತ್ತಿದ್ದರು. ಬ್ಯಾಂಕಿನ ಲೆಕ್ಕಪರಿಶೋಧನೆ ವಿಭಾಗದಲ್ಲಿ ಮೂವತ್ತೈದು ವರ್ಷ ಸವೆಸಿದ ಮನುಷ್ಯ, ಕೂಡುವುದು ಕಳೆಯುವುದು ಬರದವರಲ್ಲ. ಆದರೂ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕವಿದ್ದ ಸಂಜೆ ಮನೆಯಿಂದ ಹೊರಟರೆ ಅವರ ಕಾರು ಟೋಲ್ ಸೇತುವೆಯ ಬೋರ್ಡು ಕಂಡ ಕೂಡಲೇ ಬೆದರಿದ ಎತ್ತಿನ ಹಾಗೆ ಪಕ್ಕಕ್ಕೆ ಹೊರಳುತ್ತಿತ್ತು.

"ಇವತ್ತಾದ್ರೂ ಡಿಎನ್‌ಡಿ ಮೇಲೆ ಹೋಗೋಣಾರೀ. ಮೊದಲನೇ ಅಂಕನಾದ್ರೂ ನೋಡಬಹುದು" ಎಂದು ಅಕ್ಕ ಪ್ರತಿ ಸಲವೂ ಹೇಳುವಳು. ಭಾವ ಮಾತಾಡದೆ ಕಾಳಿಂದಿ ಕುಂಜದ ದಾರಿ ಹಿಡಿಯುವರು. ಓಖ್ಲಾ ಬ್ಯಾರೇಜಿನ ಮೇಲಿನ ಆ ರಸ್ತೆ ಪುಕ್ಕಟೆ. ಪುಕ್ಕಟೆಯಾದ್ದರಿಂದ ಅಲ್ಲಿ ಲಾರಿ, ಆಟೋ, ಸೈಕಲ್ ರಿಕ್ಷಾ, ಎಮ್ಮೆ, ಮದುವೆ ದಿಬ್ಬಣ ಎಲ್ಲವೂ ಒಟ್ಟಿಗೆ ನಿಂತಿರುತ್ತಿದ್ದವು. ಹೀಗಾಗಿ ನಮ್ಮ ಅಕ್ಕ ದೆಹಲಿಗೆ ಬಂದ ಮೇಲೆ ನೋಡಿದ ಅಷ್ಟೂ ಕನ್ನಡ ನಾಟಕಗಳು ಎರಡನೇ ಅಂಕದಿಂದಲೇ ಶುರುವಾದವು.

ಬ್ಯಾರೇಜಿನ ಮೇಲೆ ನಿಂತಾಗ ನೋಡಲು ಯಮುನೆಯಾದರೂ ಇದೆಯಲ್ಲ ಅಂದುಕೊಳ್ಳಬೇಡಿ. ಚಳಿಗಾಲ ಹತ್ತಿರವಾಯಿತೆಂದರೆ ಅಲ್ಲಿ ಕಾಣುವುದು ನೊರೆ, ಬೆಳ್ಳಗೆ, ಮೊಣಕಾಲೆತ್ತರ. ಛಠ್ ಪೂಜೆಗೆ ಬಂದ ಹೆಂಗಸರು ಆ ನೊರೆಯೊಳಗೆ ಸೊಂಟದವರೆಗೆ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವ ಫೋಟೋ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. 1,376 ಕಿಲೋಮೀಟರ್ ಹರಿಯುವ ನದಿ, ವಜೀರಾಬಾದಿನಿಂದ ಓಖ್ಲಾದವರೆಗೆ ದೆಹಲಿಯೊಳಗೆ ಕ್ರಮಿಸುವುದು ಬರೀ 22 ಕಿಲೋಮೀಟರ್. ನೂರಕ್ಕೆ ಎರಡು ಪಾಲೂ ಇಲ್ಲ. ನದಿಯ ಒಟ್ಟು ಕೊಳೆಯ ಮುಕ್ಕಾಲು ಪಾಲು ಸೇರಿಕೊಳ್ಳುವುದು ಮಾತ್ರ ಇಲ್ಲೇ. ಕಾಳಿಂಗ ವಾಸವಿದ್ದ ಮಡು ಇದೇ ನದಿಯದು. ಕೃಷ್ಣ ಇವತ್ತು ಬಂದು ಧುಮುಕಿದರೆ, ಕಾಳಿಂಗನ ಹೆಡೆ ತುಳಿಯುವ ಮಾತು ಬಿಟ್ಟು ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಬೇಕಾದೀತು.

ಇಂಥ ನದಿಯನ್ನು ದಾಟಲು ದುಡ್ಡು ಕೊಡಬೇಕೆ ಎನ್ನುವುದು ಭಾವನ ತಕರಾರಲ್ಲ. ದುಡ್ಡು ಕೊಟ್ಟಾದರೂ ಬೇಗ ದಾಟಿಬಿಡಬೇಕು ಎನ್ನುವಂಥ ನದಿಯೇ ಅದು. ಅವರ ತಕರಾರು ಬೇರೆ. "ಕೊಟ್ಟ ದುಡ್ಡು ಜಮಾ ಆಗೋದಾದ್ರೆ ಕೊಡ್ತೀನಪ್ಪ. ಇಲ್ಲಿ ಕೊಟ್ಟಷ್ಟೂ ಸಾಲ ಬೆಳೆಯುತ್ತೆ" ಎನ್ನುತ್ತಿದ್ದರು. ನಿವೃತ್ತರಾದವರ ಮಾತು ಎಂದು ನಾವು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೇತುವೆಯ ವಿಷಯದಲ್ಲಿ ಸುಳ್ಳು ಹೇಳಬಾರದು. ದೆಹಲಿ ನೊಯ್ಡಾ ಡೈರೆಕ್ಟ್ ಫ್ಲೈವೇ, ಜನರ ಬಾಯಲ್ಲಿ ಡಿಎನ್‌ಡಿ, ಒಳ್ಳೆಯ ಸೇತುವೆ. ದೆಹಲಿಯ ಮಹಾರಾಣಿ ಬಾಗಿನ ಹತ್ತಿರ ಹತ್ತಿದರೆ ನೊಯ್ಡಾದಲ್ಲಿ ಇಳಿಯುವವರೆಗೆ ಎಲ್ಲೂ ಕೆಂಪು ದೀಪವಿಲ್ಲ. 9.2 ಕಿಲೋಮೀಟರ್, ಎಂಟು ಪಥ. 2001ರಲ್ಲಿ ಅದು ತೆರೆದಾಗ, ಸರ್ಕಾರದ ದುಡ್ಡಿಲ್ಲದೆ ಖಾಸಗಿಯವರು ಕಟ್ಟಿದ ಸೇತುವೆ ನೋಡಿ ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಹೆಸರಲ್ಲೇ ಡೈರೆಕ್ಟ್ ಎಂದಿತ್ತು. ರಸ್ತೆಯಂತೂ ಹೆಸರಿಗೆ ತಕ್ಕ ಹಾಗೆ ನೇರವಾಗಿಯೇ ಇತ್ತು, ಡೊಂಕೆಲ್ಲ ಕಾಗದದ ಮೇಲೆ.

ಅದನ್ನು ಉದ್ಘಾಟಿಸಿದ ಕಥೆಯೇ ಒಂದು. ನೊಯ್ಡಾ ಎನ್ನುವುದು ಊರಿನ ಹೆಸರಲ್ಲ, ಒಂದು ಕಚೇರಿಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು. ನ್ಯೂ ಓಖ್ಲಾ ಇಂಡಸ್ಟ್ರಿಯಲ್ ಡೆವಲಪ್‌ಮೆಂಟ್ ಅಥಾರಿಟಿ ಎಂಬ ಪ್ರಾಧಿಕಾರ ಹುಟ್ಟಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ. ಊರಿಗೊಂದು ಕಚೇರಿ ಇರುವುದನ್ನು ಎಲ್ಲ ಕಡೆ ಕಂಡಿದ್ದೇವೆ, ಇಲ್ಲಿ ಕಚೇರಿಗೊಂದು ಊರು. ಆ ಊರಿಗೆ ಒಂದು ಅಪಶಕುನವೂ ಅಂಟಿಕೊಂಡಿತ್ತು. 1988ರಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ವೀರ್ ಬಹಾದೂರ್ ಸಿಂಗ್ ನೊಯ್ಡಾಕ್ಕೆ ಬಂದುಹೋದ ಸ್ವಲ್ಪ ದಿನಕ್ಕೇ ಕುರ್ಚಿ ಕಳೆದುಕೊಂಡರು. ಅಲ್ಲಿಂದ ಮುಂದೆ, ನೊಯ್ಡಾದ ಮಣ್ಣು ಮೆಟ್ಟಿದ ಮುಖ್ಯಮಂತ್ರಿ ಮನೆಗೆ ಹೋಗುತ್ತಾನೆ ಎಂಬ ಮಾತು ಲಖನೌದಲ್ಲಿ ಸಂವಿಧಾನದ ವಿಧಿಯಷ್ಟೇ ಗಟ್ಟಿಯಾಯಿತು. ಮಾಯಾವತಿ ಧೈರ್ಯ ಮಾಡಿ 2011ರಲ್ಲಿ ಬಂದರು, 2012ರಲ್ಲಿ ಸೋತರು. ಅಖಿಲೇಶ್ ಯಾದವ್ ಅಧಿಕಾರದಲ್ಲಿದ್ದ ಐದೂ ವರ್ಷ ಈ ಕಡೆ ತಲೆ ಹಾಕಲಿಲ್ಲ. 2017ರ ಡಿಸೆಂಬರಿನಲ್ಲಿ ಮೆಟ್ರೋ ಮಾರ್ಗದ ಉದ್ಘಾಟನೆಗೆ ಯೋಗಿ ಆದಿತ್ಯನಾಥ್ ಬಂದಾಗ, ಮೆಟ್ರೋಗಿಂತ ದೊಡ್ಡ ಸುದ್ದಿಯಾದದ್ದು ಅವರು ಬಂದದ್ದೇ.

2001ರಲ್ಲಿ ಮುಖ್ಯಮಂತ್ರಿಯಾಗಿದ್ದವರು ರಾಜನಾಥ್ ಸಿಂಗ್. ಸೇತುವೆ ಉದ್ಘಾಟಿಸಬೇಕು, ನೊಯ್ಡಾ ಮೆಟ್ಟಬಾರದು. ಅವರು ದೆಹಲಿಯ ಕಡೆಯ ತುದಿಯಲ್ಲೇ ಕಾರ್ಯಕ್ರಮ ಮುಗಿಸಿ ಹೊರಟರು ಎಂದು ಪತ್ರಿಕೆಗಳು ಬರೆದವು. ತಮ್ಮ ರಾಜ್ಯಕ್ಕೆ ಸೇರುವ ಸೇತುವೆಯನ್ನು ಪಕ್ಕದ ರಾಜ್ಯದಲ್ಲಿ ನಿಂತು ಲೋಕಾರ್ಪಣೆ ಮಾಡಿದ ಹಾಗಾಯಿತು. ಈ ಸೇತುವೆಯ ಟೋಲ್ ಕೊಡದೆ ತಪ್ಪಿಸಿಕೊಂಡವರಲ್ಲಿ ನಮ್ಮ ಭಾವನೇ ಮೊದಲಿಗರು ಎಂದು ತಿಳಿದಿದ್ದೆ. ಅಲ್ಲ.

ಆದರೆ ನಿಜವಾದ ಅಪಶಕುನ ಮಣ್ಣಿನಲ್ಲಿರಲಿಲ್ಲ, ಕರಾರುಪತ್ರದಲ್ಲಿತ್ತು. ಅದಕ್ಕೆ ಸಹಿ ಬಿದ್ದದ್ದು 1997ರ ನವೆಂಬರಿನಲ್ಲಿ. ಸಹಿ ಹಾಕಿದವರು ಮೂವರು. ಒಬ್ಬರು ನೊಯ್ಡಾ ಪ್ರಾಧಿಕಾರ. ಇನ್ನೊಬ್ಬರು ಸೇತುವೆ ಕಟ್ಟುವ ನೊಯ್ಡಾ ಟೋಲ್ ಬ್ರಿಜ್ ಕಂಪನಿ. ಮೂರನೆಯವರು ಆ ಕಂಪನಿಯನ್ನು ಹಿಂದಿನ ವರ್ಷವಷ್ಟೇ ಹೆತ್ತಿದ್ದ ಐಎಲ್ ಅಂಡ್ ಎಫ್ಎಸ್ ಎಂಬ ಹಣಕಾಸು ಸಂಸ್ಥೆ. ಅಂದರೆ ಹೆಣ್ಣಿನ ಕಡೆಯವರು, ವರ, ಮತ್ತು ವರನ ಅಪ್ಪ. ವರನಿಗೆ ಆಗ ವಯಸ್ಸು ಒಂದು ವರ್ಷ ಚಿಲ್ಲರೆ. ಹಿಂದೆ ಎಲ್ಲೂ ಸೇತುವೆ ಕಟ್ಟಿ ಅನುಭವವಿಲ್ಲ. ಇಂಥ ಮದುವೆಗೆ ಸ್ವಯಂವರ ಕರೆಯುವುದು, ಟೆಂಡರು ಎನ್ನುತ್ತಾರಲ್ಲ ಅದು, ಪದ್ಧತಿ. ಕರೆಯಲಿಲ್ಲ. ಮಾತುಕತೆ 1992ರ ಒಡಂಬಡಿಕೆಯಲ್ಲೇ ಮುಗಿದಿತ್ತು. ಹುಡುಗ ಹುಟ್ಟುವ ಮೊದಲೇ ನಿಶ್ಚಿತಾರ್ಥ ಎಂದ ಹಾಗೆ.

ಆ ಕರಾರಿನ ಲೆಕ್ಕವನ್ನು ಭಾವ ನನಗೆ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬಿಡಿಸಿ ತೋರಿಸಿದರು. ಕಾಳಿಂದಿ ಕುಂಜದ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಿತ್ತು, ಹೊತ್ತು ಬೇಕಾದಷ್ಟಿತ್ತು.

"ನಮ್ಮ ತಾತ ಊರ ಸಾಹುಕಾರ್ರ ಹತ್ರ ಸಾವಿರ ರೂಪಾಯಿ ಸಾಲ ತಂದ ಅಂತಿಟ್ಕೋ. ನೂರಕ್ಕೆ ಇಪ್ಪತ್ತು ಬಡ್ಡಿ. ವರ್ಷದ ಕೊನೇಲಿ ಎಷ್ಟು ಕೊಡಬೇಕು?"

"ಇನ್ನೂರು."

"ಮಳೆ ಕೈಕೊಡ್ತು. ತಾತ ನೂರೇ ಕೊಟ್ಟ. ಉಳಿದ ನೂರು ಎಲ್ಲಿಗೆ ಹೋಯ್ತು?"

"ಅಸಲಿಗೆ."

"ಅಸಲು ಸಾವಿರದ ನೂರಾಯ್ತು. ಮುಂದಿನ ವರ್ಷ ಬಡ್ಡಿ ಇನ್ನೂರಿಪ್ಪತ್ತು. ತಾತ ಮತ್ತೆ ನೂರು ಕೊಟ್ಟ. ಹೀಗೇ ಒಂದು ವರ್ಷಾನೂ ತಪ್ಪಿಸದೆ ಹತ್ತು ವರ್ಷ ನೂರು ನೂರು ಕೊಟ್ಟ. ಸಾವಿರ ರೂಪಾಯಿ ಸಾಲಕ್ಕೆ ಸಾವಿರ ರೂಪಾಯಿ ಕೊಟ್ಟಾಯ್ತು. ಈಗ ಸಾಲ ಎಷ್ಟಿದೆ ಹೇಳು."

ನಾನು ತಲೆ ಕೆರೆದುಕೊಂಡೆ. ಭಾವ ಬರೆದರು: 3,596.

"ಮೂವತ್ತು ವರ್ಷ ಕೊಟ್ರೆ?"

ವರನ ಹೆಸರಿನ ಬೆನ್ನಿಗೆ ಸರಿಯಾಗಿ ಅವರು ಬರೆದ ಅಂಕಿ 1,19,188.

ಸೇತುವೆಯದೂ ಹೆಚ್ಚುಕಡಿಮೆ ಇದೇ ಲೆಕ್ಕ, ಸೊನ್ನೆಗಳು ಮಾತ್ರ ಹೆಚ್ಚು. ಕಟ್ಟಲು ಆದ ಖರ್ಚು ಸುಮಾರು 408 ಕೋಟಿ. ಅದರ ಮೇಲೆ ಕಂಪನಿಗೆ ವರ್ಷಕ್ಕೆ ನೂರಕ್ಕೆ ಇಪ್ಪತ್ತರ ಪ್ರತಿಫಲ ಸಿಗಲೇಬೇಕೆಂದು ಕರಾರು. ಟೋಲಿನಲ್ಲಿ ಬಂದ ದುಡ್ಡಿನಿಂದ ನಿರ್ವಹಣೆಯ ಖರ್ಚು ಕಳೆದು ಉಳಿದದ್ದು ಆ ಇಪ್ಪತ್ತನ್ನು ಮುಟ್ಟದಿದ್ದರೆ, ಕೊರತೆ ಬಿದ್ದಷ್ಟನ್ನು 'ಯೋಜನೆಯ ಒಟ್ಟು ವೆಚ್ಚ'ಕ್ಕೆ ಸೇರಿಸಬೇಕು. ಮುಂದಿನ ವರ್ಷದ ಇಪ್ಪತ್ತನ್ನು ಆ ಉಬ್ಬಿದ ವೆಚ್ಚದ ಮೇಲೆ ಎಣಿಸಬೇಕು. ಸೇತುವೆ ಕಟ್ಟಿ ಮುಗಿದು ವರ್ಷಗಳಾದರೂ, ಒಂದು ಬೊಗಸೆ ಸಿಮೆಂಟು ಹೆಚ್ಚಿಗೆ ಹಾಕದಿದ್ದರೂ, ಅದನ್ನು ಕಟ್ಟಿದ ಖರ್ಚು ಮಾತ್ರ ವರ್ಷವರ್ಷ ಏರುತ್ತಿತ್ತು. ಗತಕಾಲದ ಬೆಲೆಯೂ ಏರಬಲ್ಲದು ಎಂದು ಅರ್ಥಶಾಸ್ತ್ರಕ್ಕೆ ತೋರಿಸಿಕೊಟ್ಟದ್ದು ಈ ಸೇತುವೆ.

ಇನ್ನೂ ಒಂದು ಸೊಗಸಿದೆ. ಖರ್ಚು ಹೆಚ್ಚಾದರೆ ಯಾವ ವ್ಯಾಪಾರಿಗೂ ಹೊಟ್ಟೆ ಉರಿಯುತ್ತದೆ. ಇಲ್ಲಿ ಹಾಗಿಲ್ಲ. ಖರ್ಚು ಹೆಚ್ಚಿದಷ್ಟು ಉಳಿಕೆ ಕಡಿಮೆ, ಉಳಿಕೆ ಕಡಿಮೆಯಾದಷ್ಟು ಕೊರತೆ ಹೆಚ್ಚು, ಕೊರತೆ ಹೆಚ್ಚಿದಷ್ಟು ಜನರ ತಲೆಯ ಮೇಲಿನ ಸಾಲ ಹೆಚ್ಚು. ಸಾಹುಕಾರ್ರು ಗುಮಾಸ್ತನಿಗೆ ಸಂಬಳ ಏರಿಸಿದರೆ ಅದು ತಾತನ ಖಾತೆಗೆ. ದುಂದುಮಾಡಿ ಬದುಕಿದಷ್ಟೂ ಬಡ್ಡಿ ಬರುವ ಇಂಥ ದಾಂಪತ್ಯ ಯಾವ ಗೃಹಸ್ಥನಿಗೆ ಸಿಕ್ಕೀತು?

ಖಾಸಗಿಯವರು ದುಡ್ಡು ಹಾಕುತ್ತಾರೆ, ಅಪಾಯ ಹೊರುತ್ತಾರೆ, ಆದ್ದರಿಂದ ಲಾಭ ಅವರ ಹಕ್ಕು ಎಂದು ನಮಗೆ ತೊಂಬತ್ತರ ದಶಕದಿಂದ ಪಾಠವಾಗಿದೆ. ಒಪ್ಪಿಕೊಂಡಿದ್ದೇವೆ. ಆದರೆ ಲಾಭ ಖಾತ್ರಿ, ಲಾಭ ಬರದಿದ್ದರೆ ಅದು ಸಾಲವಾಗಿ ಬೆಳೆಯುವುದೂ ಖಾತ್ರಿ ಎಂದ ಮೇಲೆ ಅಪಾಯ ಎಲ್ಲಿ ಕೂತಿತ್ತು? ಇದೇ ಯಮುನೆಯ ದಡದ ಇಂದ್ರಪ್ರಸ್ಥವನ್ನು ಧರ್ಮರಾಯ ಜೂಜಿನಲ್ಲಿ ಕಳೆದುಕೊಂಡದ್ದು. ಶಕುನಿಗಾದರೂ ಪ್ರತಿ ಸಲ ದಾಳ ಉರುಳಿಸುವ ಶ್ರಮವಿತ್ತು. ಇಲ್ಲಿ ದಾಳ ಉರುಳಿಸುವ ತೊಂದರೆಯೂ ಬೇಡ. ಗರ ಎಷ್ಟು ಬೀಳಬೇಕೆಂದು 1997ರಲ್ಲೇ ಬರೆದಿಟ್ಟಿದ್ದರು. ಇತ್ತ ಭಾವ ತಮ್ಮ ನಿವೃತ್ತಿಯ ಗಂಟನ್ನು ಇಟ್ಟಿದ್ದ ಬ್ಯಾಂಕು ನೂರಕ್ಕೆ ಏಳು ಕೊಡಲು ಅಳುತ್ತಿತ್ತು.

ಹಾಗಾದರೆ ಈ ಸಾಲ ತೀರುವುದು ಯಾವಾಗ? ಮೊದಲಿಗೆ ಮೂವತ್ತು ವರ್ಷದ ಗಡುವು. ಅಷ್ಟರಲ್ಲಿ ಒಟ್ಟು ವೆಚ್ಚವೂ ಅದರ ಮೇಲಿನ ಪ್ರತಿಫಲವೂ ವಸೂಲಾಗದಿದ್ದರೆ ಎರಡು ವರ್ಷ ವಿಸ್ತರಣೆ. ಆಗಲೂ ಆಗದಿದ್ದರೆ ಮತ್ತೆರಡು ವರ್ಷ. ಹೀಗೆ ವಸೂಲಾಗುವ ತನಕ ಎರಡೆರಡು ವರ್ಷ. ವಸೂಲಾಗದಂತೆ ಲೆಕ್ಕವೇ ನೋಡಿಕೊಳ್ಳುತ್ತದೆ ಎನ್ನುವುದನ್ನು ಲಗ್ನಪತ್ರಿಕೆಯ ಬೆನ್ನಲ್ಲಿ ಈಗಾಗಲೇ ನೋಡಿದ್ದೇವೆ.

ಇದನ್ನು ಕೇಳಿದಾಗ ನನಗೆ ನಮ್ಮ ಶಾಸನಗಳು ನೆನಪಾದವು. ಹಳ್ಳಿಯ ಗುಡಿಯ ಮುಂದೆ ನಿಂತಿರುವ ಕಲ್ಲನ್ನು ನೋಡಿ: ತಲೆಯ ಮೇಲೆ ಸೂರ್ಯ, ಚಂದ್ರ, ಪಕ್ಕದಲ್ಲಿ ಹಸು ಕರು. ಕೆಳಗೆ, ಇಂಥ ಊರಿನ ಹೆಜ್ಜುಂಕವನ್ನೋ ವಡ್ಡರಾವುಳವನ್ನೋ ದೇವರ ನಂದಾದೀವಿಗೆಗೆ ಬಿಟ್ಟಿದ್ದೇವೆ, ಇದು ಆಚಂದ್ರಾರ್ಕ ನಡೆಯತಕ್ಕದ್ದು ಎಂಬ ಬರಹ. ಸೂರ್ಯಚಂದ್ರರಿರುವ ತನಕ ಸುಂಕ. ಕಲ್ಲು ಕೆತ್ತಿಸಿದ ಅರಸರ ವಂಶಗಳು ನಿಂತುಹೋದವು, ಗುಡಿಗಳು ಹಾಳು ಬಿದ್ದವು, ಎಣ್ಣೆಯಿಲ್ಲದೆ ದೀಪ ಆರಿತು. ಆ ಆಚಂದ್ರಾರ್ಕದ ಆಸೆ ಮಾತ್ರ ಸಾಯದೆ ಎಲ್ಲೋ ಅಡಗಿ ಕೂತಿದ್ದು, 1997ರಲ್ಲಿ ಛಾಪಾ ಕಾಗದದ ಮೇಲೆ ಎದ್ದುಬಂತು. ವ್ಯತ್ಯಾಸ ಇಷ್ಟೇ: ಹಳೆಯ ಕಲ್ಲಿನಲ್ಲಿ ದಾನ ಪಡೆದದ್ದು ದೇವರು, ಇದರಲ್ಲಿ ಷೇರುದಾರರು. ಶಾಸನಕ್ಕೆ ತಪ್ಪಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಎಂದು ಕಲ್ಲು ಶಪಿಸುತ್ತದೆ. ಕರಾರಿನಲ್ಲಿ ಆ ಜಾಗದಲ್ಲಿ ಮಧ್ಯಸ್ಥಿಕೆಯ ಕಲಮು ಇರುತ್ತದೆ. ಹಸುಗಳಂತೂ ಬದುಕಿಕೊಂಡವು.

ಹಳೆಯ ಕಾಲದ ಸುಂಕದವರೂ ಸಾಮಾನ್ಯರೇನಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಹಾಗಂತ ಸುಂಕ ವಸೂಲಿಯ ಕಾಯಕದಲ್ಲೇ ಇದ್ದ ಬಂಕಣ್ಣ ಹನ್ನೆರಡನೇ ಶತಮಾನದಲ್ಲಿ ಶರಣನಾಗಿ ವಚನ ಬರೆದದ್ದೂ ಉಂಟು. ಗೇಟಿನಲ್ಲಿ ಕೂತವನಿಗೂ ಅಂತಃಕರಣ ಇರಬಲ್ಲದು ಎನ್ನುವುದಕ್ಕೆ ಅಷ್ಟು ಸಾಕ್ಷಿ ಸಾಲದೆ? ಡಿಎನ್‌ಡಿಯ ಗೂಡುಗಳಲ್ಲಿ ಕೂತಿದ್ದವರೂ ಎಂಟು ಗಂಟೆ ಪಾಳಿಯ, ಹೊಗೆ ಕುಡಿಯುತ್ತ ಚಿಲ್ಲರೆ ಎಣಿಸುವ ಹುಡುಗರೇ. ಅವರ ಮುಂದೆ ಕಾರಿನ ಕಿಟಕಿ ಇಳಿಸಿ ಜನ ಸುಖದುಃಖವೇನು, ಸಂವಿಧಾನವನ್ನೇ ಹೇಳಿಕೊಂಡರು. ಆ ಹುಡುಗ ಏನು ಮಾಡಿಯಾನು? ಗಾದೆಯ ಸುಂಕದವನು ಗೇಟು ಬಿಟ್ಟು ಎಂದೋ ಎದ್ದು ಹೋಗಿದ್ದ. ಅವನು ಕೂತದ್ದು ಏಸಿ ಕೋಣೆಯಲ್ಲಿ, ಕರಾರಿನ ಕರಡು ತಿದ್ದುತ್ತ. ಅಲ್ಲಿಗೆ ಹೋಗಿ ಹೇಳಿಕೊಳ್ಳೋಣವೆಂದರೆ ಯಾವ ಸೇತುವೆಯೂ ಇರಲಿಲ್ಲ, ಡೈರೆಕ್ಟ್ ಆಗಿಯಂತೂ.

ಭಾವನಿಗೆ ಹೆಚ್ಚು ಚುಚ್ಚುತ್ತಿದ್ದದ್ದು ಇನ್ನೊಂದು ಮಾತು. "ತಾತ ಏನೇ ಆಗ್ಲಿ ಹೆಬ್ಬೆಟ್ಟಾದ್ರೂ ಒತ್ತಿದ್ದ ಕಣೋ. ನಾನು ಯಾವ ಕಾಗದಕ್ಕೆ ಒತ್ತಿದ್ದೀನಿ?" ನಿಜವೇ. ಸಾಲ ಕೊಟ್ಟವರ ಸಹಿ ಇತ್ತು, ಸಾಲ ಕೊಟ್ಟವರ ಅಪ್ಪನ ಸಹಿ ಇತ್ತು, ಊರಿನ ಹೆಸರಿನ ಕಚೇರಿಯ ಸಹಿ ಇತ್ತು. ತೀರಿಸಬೇಕಾದವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ದಿನಕ್ಕೆ ಲಕ್ಷಕ್ಕೂ ಮೀರಿದ ವಾಹನಗಳಲ್ಲಿ ಆ ಸಾಲಗಾರರು, ತಾವು ಸಾಲಗಾರರೆಂಬುದು ಗೊತ್ತಿಲ್ಲದೆ, ಎಫ್ಎಮ್ ಹಾಡು ಕೇಳುತ್ತ ದಾಟುತ್ತಿದ್ದರು.

ಕಡೆಗೆ ಗೊತ್ತಾಯಿತು. ನೊಯ್ಡಾದ ಬಡಾವಣೆಗಳ ನಿವಾಸಿ ಸಂಘಗಳ ಒಕ್ಕೂಟ 2012ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. ನಿವಾಸಿ ಸಂಘ ಎಂದರೆ ನಿಮಗೆ ಗೊತ್ತಲ್ಲ: ನೀರಿನ ಟ್ಯಾಂಕರು, ಪಾರ್ಕಿಂಗು, ಯಾರ ಮನೆ ನಾಯಿ ಎಲ್ಲಿ ಗಲೀಜು ಮಾಡಿತು ಎಂದು ಭಾನುವಾರ ಬೆಳಿಗ್ಗೆ ಜಗಳಾಡುವ ನಿವೃತ್ತರ ಗುಂಪು. ದೊಡ್ಡ ದೊಡ್ಡ ಅಧಿಕಾರಿಗಳ ಕಣ್ಣು ತಪ್ಪಿಸಿಕೊಂಡ ಕಲಮನ್ನು ಹಿಡಿದದ್ದು ಈ ಗುಂಪು. ನಾಯಿಯ ಗಲೀಜನ್ನು ಬಿಡದವರು ಇದನ್ನು ಬಿಟ್ಟಾರೆಯೆ?

ನಾಲ್ಕು ವರ್ಷದ ವಿಚಾರಣೆ. 2016ರ ಅಕ್ಟೋಬರ್ 26ರಂದು, ದೀಪಾವಳಿಗೆ ನಾಲ್ಕು ದಿನವಿರುವಾಗ, ಹೈಕೋರ್ಟು ಟೋಲ್ ನಿಲ್ಲಿಸಲು ಹೇಳಿತು. ಅವತ್ತು ಸಂಜೆ ಗೇಟಿನ ತಡೆಗೋಲು ಮೇಲೆದ್ದದ್ದು ಮತ್ತೆ ಇಳಿಯಲಿಲ್ಲ. ಭಾವ ಫೋನು ಮಾಡಿದರು. "ಎತ್ತಿಬಿಟ್ರು ಕಣೋ, ಎತ್ತಿಬಿಟ್ರು!" ಅವರ ದನಿಯಲ್ಲಿ, ತಾತನ ಸಾಲದ ಪತ್ರ ಹರಿದು ಹಾಕಿದವರ ಸಡಗರವಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ನೋಟು ರದ್ದಾಗಿ ದೇಶದ ಹೆದ್ದಾರಿಗಳಲ್ಲೆಲ್ಲ ಡಿಸೆಂಬರ್ 2ರ ತನಕ ಟೋಲ್ ನಿಂತಿತು. ನೊಯ್ಡಾದವರು ಈ ಒಂದು ವಿಷಯದಲ್ಲಿ ದೇಶಕ್ಕಿಂತ ಎರಡು ವಾರ ಮುಂದಿದ್ದರು.

ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ತಡೆಯಾಜ್ಞೆ ಸಿಗಲಿಲ್ಲ. ನ್ಯಾಯಾಲಯ, ಲೆಕ್ಕವನ್ನು ಮಹಾಲೇಖಪಾಲರು ನೋಡಲಿ ಎಂದಿತು. ಅಲ್ಲಿಂದ ಎಂಟು ವರ್ಷ ಸೇತುವೆ ತ್ರಿಶಂಕು ಸ್ಥಿತಿಯಲ್ಲಿತ್ತು. ಗೇಟು ತೆರೆದಿದೆ, ಆದರೆ ತೀರ್ಪು ಬಂದಿಲ್ಲ. ಭಾವ ಆ ಎಂಟು ವರ್ಷವೂ ಡ್ಯಾಶ್‌ಬೋರ್ಡಿನ ಬಟ್ಟಲಲ್ಲಿ 28 ರೂಪಾಯಿ ಚಿಲ್ಲರೆ ಇಟ್ಟುಕೊಂಡೇ ಓಡಾಡಿದರು. ಕೋರ್ಟಿನ ವ್ಯವಹಾರ, ನಡುಸೇತುವೆಯಲ್ಲಿರುವಾಗ ಆದೇಶ ತಿರುಗಿದರೆ ಎಂದು.

ಈ ನಡುವೆ ಸಾಹುಕಾರ್ರ ಮನೆಗೇ ಬೆಂಕಿ ಬಿತ್ತು. ಜನರಿಗೆ ಮೂವತ್ತು ವರ್ಷದ ಗಣಿತ ಬರೆದುಕೊಟ್ಟಿದ್ದ ಐಎಲ್ ಅಂಡ್ ಎಫ್ಎಸ್, 2018ರಲ್ಲಿ ತಾನು ಪಡೆದ ಸಾಲದ ಕಂತು ಕಟ್ಟಲಾಗದೆ ಮಗುಚಿತು. ಬೀಳುವುದಕ್ಕೆ ಕೆಲವೇ ವಾರ ಮುಂಚಿನವರೆಗೂ ರೇಟಿಂಗ್ ಏಜೆನ್ಸಿಗಳು ಅದಕ್ಕೆ ಮೂರು ಎ ಕೊಟ್ಟು ತಲೆ ಸವರುತ್ತಿದ್ದವು. ಅಕ್ಟೋಬರ್ 1ರಂದು ಸರ್ಕಾರವೇ ಆಡಳಿತ ಮಂಡಳಿಯನ್ನು ಬದಲಿಸಬೇಕಾಯಿತು. ಸಮೂಹದ ಒಟ್ಟು ಸಾಲ 91,000 ಕೋಟಿ ರೂಪಾಯಿಯ ಆಸುಪಾಸು. ಸುದ್ದಿ ಓದಿದ ಭಾವ ಮತ್ತೊಂದು ಲಗ್ನಪತ್ರಿಕೆ ಹುಡುಕಿ ತಂದರು. 408 ಕೋಟಿಯನ್ನು ನೂರಕ್ಕೆ ಇಪ್ಪತ್ತರ ಚಕ್ರಬಡ್ಡಿಗೆ ಹಾಕಿ, ಯಾರೂ ಒಂದು ಬಿಡಿಗಾಸೂ ಕೊಡಲಿಲ್ಲವೆಂದು ಹಿಡಿದು ಮೂವತ್ತು ವರ್ಷ ಉರುಳಿಸಿದರೆ ಬರುವುದು ಸುಮಾರು 96,850 ಕೋಟಿ. "ನೋಡು, ನಾವೆಲ್ಲ ಟೋಲ್ ಕೊಡದೆ ಕಾಳಿಂದಿ ಕುಂಜದ ಮೇಲೆ ಹೋಗಿದ್ದಿದ್ರೆ, ಆ ಒಂದು ಸೇತುವೆಯ ಬಾಕಿಯಲ್ಲಿ ಅವರ ಸಾಲ ಎಲ್ಲ ತೀರಿ ಐದಾರು ಸಾವಿರ ಕೋಟಿ ಮಿಕ್ಕಿರೋದು. ನಾನು ಕೈಲಾದಷ್ಟು ಮಾಡಿದೆ. ಉಳಿದವರು ಸಹಕರಿಸಲಿಲ್ಲ" ಎಂದರು.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2024ರ ಡಿಸೆಂಬರ್ 20ರಂದು, ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಉಜ್ಜಲ್ ಭುಯಾನ್ ಅವರಿಂದ. ಹೈಕೋರ್ಟು ಹೇಳಿದ್ದು ಸರಿ, ಟೋಲ್ ಇಲ್ಲ. ಅನುಭವವಿಲ್ಲದ ಕಂಪನಿಗೆ, ಟೆಂಡರಿಲ್ಲದೆ, ಜನರಿಂದ ಸುಂಕ ಎತ್ತುವ ಅಧಿಕಾರ ಕೊಟ್ಟು ಪ್ರಾಧಿಕಾರ ತನ್ನ ಮಿತಿ ಮೀರಿತು. ಆ ಲೆಕ್ಕದ ಸೂತ್ರ ಅನ್ಯಾಯದ್ದು. ಕಂಪನಿ 2016ರ ಮಾರ್ಚ್ ಹೊತ್ತಿಗೇ ಪಡೆದ ಸಾಲವನ್ನೆಲ್ಲ ಬಡ್ಡಿಸಮೇತ ತೀರಿಸಿದೆ, ಷೇರುದಾರರಿಗೆ 243.07 ಕೋಟಿ ಲಾಭಾಂಶ ಹಂಚಿದೆ, ಅದರ ಪುಸ್ತಕದಲ್ಲಿ ನಷ್ಟದ ಶೇಷವಿಲ್ಲ ಎನ್ನುವುದನ್ನೂ ನ್ಯಾಯಾಲಯ ಎತ್ತಿ ತೋರಿಸಿತು.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಬ್ಯಾಂಕಿನ ಬಾಕಿ ತೀರಿತ್ತು. ಷೇರುದಾರರ ಹೊಟ್ಟೆ ತುಂಬಿತ್ತು. ಕಂಪನಿಯ ಒಂದು ಪುಸ್ತಕದಲ್ಲಿ ಎಲ್ಲವೂ ಸುಖಾಂತ. ಅದೇ ಹೊತ್ತಿಗೆ, ಅದೇ ಸೇತುವೆಯ ಇನ್ನೊಂದು ಪುಸ್ತಕದಲ್ಲಿ ಜನ ಕೊಡಬೇಕಾದ ಸಾಲ ಹುಣ್ಣಿಮೆಯ ಕಡಲಿನ ಹಾಗೆ ಉಬ್ಬುತ್ತಿತ್ತು. ನಮ್ಮೂರ ಸಾಹುಕಾರ್ರಿಗೂ ಎರಡು ಪುಸ್ತಕ ಇದ್ದವಂತೆ. ಆದರೆ ಪಾಪ, ಅವರು ಒಂದನ್ನು ಬಚ್ಚಿಡುತ್ತಿದ್ದರು.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ಜನರ ಬಗ್ಗೆ ನಮ್ಮಲ್ಲಿ ಒಂದು ಗಾದೆಯಿದೆ, ಸ್ವಲ್ಪ ಪೋಲಿ, ಇಲ್ಲಿ ಪೂರ್ತಿ ಬರೆಯಲಾರೆ. ಅಂಬಿಗನಿಗೆ ಕೊಟ್ಟ ಕಾಸು ಆ ದಡಕ್ಕೆ ಕಾಲಿಟ್ಟ ಕೂಡಲೇ ಚುಕ್ತಾ. ಹೋದ ವರ್ಷ ದೋಣಿಯಲ್ಲಿ ಜನ ಕಡಿಮೆಯಿತ್ತು, ಆ ಕೊರತೆಯನ್ನು ಈ ವರ್ಷ ನಿನ್ನ ಹೆಸರಿಗೆ ಬರೆದಿದ್ದೇನೆ ಎಂದು ಯಾವ ಅಂಬಿಗನೂ ಹೇಳಿದ್ದಿಲ್ಲ. ಹೇಳಿದ್ದರೆ ಗಾದೆ ಇನ್ನೂ ಪೋಲಿಯಾಗಿರುತ್ತಿತ್ತು.

ಈಗ ಸೇತುವೆ ಎಲ್ಲರಿಗೂ ಬಿಡುಗಡೆಯಾಗಿದೆ ಎಂದು ನೀವು ತಿಳಿದರೆ, ಟ್ಯಾಕ್ಸಿಯಲ್ಲಿ ಹೋಗಿ ನೋಡಿ. ದೆಹಲಿಯೊಳಗೆ ಬರುವ ಬಾಡಿಗೆ ಗಾಡಿ, ಸರಕು ಗಾಡಿಗಳಿಂದ ಮಹಾನಗರ ಪಾಲಿಕೆ ವಸೂಲು ಮಾಡುವ ಪ್ರವೇಶ ಸುಂಕ ಬೇರೆಯೇ ಬಾಬತ್ತು. ಅದಕ್ಕೂ ಈ ತೀರ್ಪಿಗೂ ಸಂಬಂಧವಿಲ್ಲ. ಅದನ್ನು ಎತ್ತುವವರು ದೆಹಲಿಯ ಬಾಗಿಲಲ್ಲೇ ಇದ್ದಾರೆ. ಅವರು ಒಂದು ಟ್ಯಾಕ್ಸಿಯನ್ನು ನಿಲ್ಲಿಸಿದರೆ ಅದರ ಹಿಂದೆ, ಕೊಡಬೇಕಾಗಿಲ್ಲದ ಐವತ್ತು ಕಾರುಗಳೂ ನಿಲ್ಲುತ್ತವೆ. ಮೊದಲು ದುಡ್ಡು ಕೊಟ್ಟು ನಿಲ್ಲುತ್ತಿದ್ದರು, ಈಗ ಪುಕ್ಕಟೆಯಾಗಿ ನಿಲ್ಲುತ್ತಾರೆ. ಪುಕ್ಕಟೆ ಎಂದು ಗೊತ್ತಾದ ಮೇಲೆ ಸೇತುವೆಗೆ ಬರುವವರೂ ಹೆಚ್ಚಿದರು. ಬೆಳಿಗ್ಗೆ ಸಂಜೆ ಎಂಟು ಪಥವೂ ತುಂಬಿ, ಡೈರೆಕ್ಟ್ ಎನ್ನುವುದು ಹೆಸರಿನಲ್ಲಿ ಉಳಿದಿದೆ.

ಹೋದ ತಿಂಗಳು ದೆಹಲಿಗೆ ಹೋಗಿದ್ದೆ. ಸಂಘದಲ್ಲಿ ನಾಟಕವಿತ್ತು. ಅಕ್ಕ ಐದು ಗಂಟೆಗೇ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಇನ್ನೇನು, ತೀರ್ಪು ಬಂದಿದೆ, ಗೇಟು ಎದ್ದಿದೆ, ಮೊದಲನೇ ಅಂಕ ನೋಡಿಯೇ ಬಿಡುವೆ ಎಂಬ ಭರವಸೆ ಅವಳ ಮುಖದಲ್ಲಿತ್ತು. ಭಾವ ಮೊಬೈಲಿನ ನಕ್ಷೆ ತೆರೆದರು. ಡಿಎನ್‌ಡಿ ಉದ್ದಕ್ಕೂ ಕಡುಗೆಂಪು.

"ಕಾಳಿಂದಿ ಕುಂಜದ ಮೇಲೇ ಹೋಗೋಣ" ಎಂದರು.